ಕಿಟ್ಟಿ ನುಂಗಿದ ಹಸಿರು ದಾರ

ಸಿಂಗಪುರದ ಪುಂಗೋಲಿನಲ್ಲಿರುವ ನಮ್ಮ ಕನ್ನಡದ ಹೆಂಗಸರಿಗೆ ಸೀರೆಯ ಸೆರಗಿಗೆ ಕುಚ್ಚು ಕಟ್ಟಿಸಬೇಕೆಂದರೆ ಮೈಥಿಲಿಯೇ ಆಗಬೇಕು. ಊರಿನಲ್ಲಿ ಕಟ್ಟಿಸಿಕೊಂಡು ತಂದ ಕುಚ್ಚನ್ನು ಬಿಚ್ಚಿ, ಮತ್ತೆ ಅವಳ ಕೈಯಲ್ಲಿ ಕಟ್ಟಿಸಿಕೊಂಡವರಿದ್ದಾರೆ. ಅವರಲ್ಲಿ ನಾನೂ ಒಬ್ಬಳು. ಬೆಳಿಗ್ಗೆ ಗಂಡ ಅಚ್ಯುತ ಸೆಲೆಟಾರಿಗೆ ಕೆಲಸಕ್ಕೆ, ಮಗಳು ಮಾನ್ಯಾ ಶಾಲೆಗೆ ಹೊರಟ ಮೇಲೆ ಅವಳು ಊಟದ ಮೇಜನ್ನು ಕಿಟಕಿಯ ಹತ್ತಿರ ಎಳೆದುಕೊಂಡು, ಸೆರಗನ್ನು ಅದರ ಅಂಚಿಗೆ ಕ್ಲಿಪ್ಪು ಹಾಕಿ ಬಿಗಿದು ಕೂತಳೆಂದರೆ ಮಧ್ಯಾಹ್ನದವರೆಗೂ ಏಳುವುದಿಲ್ಲ. ರೇಷ್ಮೆ ದಾರವನ್ನು ಸೂಜಿಯಿಂದ ಸೆರಗಿಗೆ ಪೋಣಿಸಿ, ಮಣಿ ಸೇರಿಸಿ, ಗಂಟು ಹಾಕಿ, ಎಲ್ಲ ಎಳೆಗಳನ್ನೂ ಒಂದೇ ಅಳತೆಗೆ ಕತ್ತರಿಸುವ ಕೆಲಸ.

ಮೈಥಿಲಿ ಹೆದರುಪುಕ್ಕಲಿ. ಇದನ್ನು ನಾನು ಆಡಿಕೊಳ್ಳುವುದಕ್ಕೆ ಹೇಳುತ್ತಿಲ್ಲ, ಅವಳೇ ಎಲ್ಲರ ಮುಂದೆ ಹೇಳಿಕೊಳ್ಳುತ್ತಾಳೆ. ಸಿಂಗಪುರಕ್ಕೆ ಬಂದ ಹೊಸತರಲ್ಲಿ ಲಿಫ್ಟಿನಲ್ಲಿ ಒಬ್ಬಳೇ ಹೋಗುತ್ತಿರಲಿಲ್ಲ. ಯಾರಾದರೂ ಬರುವವರೆಗೆ ಕಟ್ಟಡದ ಕೆಳಗಿನ ತೆರೆದ ಜಾಗ, ವಾಯ್ಡ್ ಡೆಕ್ಕಿನ ಬೆಂಚಿನ ಮೇಲೆ ತರಕಾರಿ ಚೀಲ ಹಿಡಿದು ಕಾಯುತ್ತಿದ್ದಳು. ಡ್ರೈವರ್ ಇಲ್ಲದೆ ಓಡುವ ಎಲ್‌ಆರ್‌ಟಿ ರೈಲು ಹತ್ತುವಾಗ ಗಂಡನ ತೋಳು ಬಿಡುತ್ತಿರಲಿಲ್ಲ. ಇವೆಲ್ಲ ಹೇಗೋ ರೂಢಿಯಾದವು. ರೂಢಿಯಾಗದೆ ಉಳಿದದ್ದು ಫೋನಿನಲ್ಲಿ ಇಂಗ್ಲಿಷ್ ಮಾತಾಡುವುದು. ಅವಳು ಮೈಸೂರಿನಲ್ಲಿ ಕನ್ನಡ ಮಾಧ್ಯಮದಲ್ಲಿ ಓದಿದವಳು. ಎದುರಿಗೆ ಜನವಿದ್ದರೆ ಕೈಬಾಯಿ ಆಡಿಸಿ ಸಂಭಾಳಿಸುತ್ತಿದ್ದಳು. ಫೋನಾದರೆ ನಾಲಿಗೆ ಒಣಗಿ ಅಂಟಿಕೊಳ್ಳುತ್ತಿತ್ತು. ಗ್ಯಾಸಿನವರಿರಲಿ, ಮಗಳ ಶಾಲೆಯವರಿರಲಿ, ಫೋನು ಅಚ್ಯುತನೇ ಮಾಡಬೇಕು.

ಇಂಥವಳ ಮನೆಗೆ ಕಿಟ್ಟಿ ಬಂದದ್ದು ಮಾನ್ಯಾಳ ಹಟದಿಂದ. ಸರ್ಕಾರಿ ಫ್ಲ್ಯಾಟುಗಳಲ್ಲೂ ಬೆಕ್ಕು ಸಾಕಬಹುದೆಂದು ನಿಯಮ ಬದಲಾದ ಮೇಲೆ, ಬೀದಿಬೆಕ್ಕುಗಳನ್ನು ನೋಡಿಕೊಳ್ಳುವವರ ಹತ್ತಿರ ಹೋಗಿ, ಬಾಲದ ತುದಿ ಕೊಂಕಿದ ಕೆಂಚು ಮರಿಯೊಂದನ್ನು ಅವಳು ಎತ್ತಿಕೊಂಡು ಬಂದಳು. ಬಂದ ದಿನವೇ ಅದು ಬೆಣ್ಣೆಯ ಡಬ್ಬಿಗೆ ತಲೆ ಹಾಕಿತು. ಅದಕ್ಕೇ ಕೃಷ್ಣ, ಮುದ್ದಿಗೆ ಕಿಟ್ಟಿ. "ಎಲ್ಲಾರೂ ಇಂಗ್ಲಿಷ್ ಕಿಟ್ಟಿ ಅಂದ್ಕೋತಾರೆ ಕಣ್ರೀ, ಇದು ನಮ್ಮ ಕಿಟ್ಟಿ," ಎನ್ನುತ್ತಿದ್ದಳು ಮೈಥಿಲಿ. ಮೊದಲ ವಾರ ಅವಳು ಸೋಫಾದ ಮೇಲೆ ಕಾಲು ಮಡಚಿಕೊಂಡೇ ಕೂತಿದ್ದಳು, ಎಲ್ಲಿ ಕಚ್ಚುತ್ತದೋ ಎಂದು. ಆಮೇಲೆ ಯಾವಾಗಲೋ ಕಿಟ್ಟಿ ಅವಳ ಮೇಜಿನ ಕೆಳಗೆ, ಅವಳ ಪಾದದ ಮೇಲೆ ಗಲ್ಲ ಇಟ್ಟು ಮಲಗುವುದನ್ನು ಕಲಿತ. ದಿನವಿಡೀ ಬೇರೆ ಯಾರೂ ಇಲ್ಲದ ಮನೆಯಲ್ಲಿ ಅವಳು ಅವನ ಜೊತೆ ಮಾತಾಡತೊಡಗಿದಳು. "ಈ ಬಣ್ಣಕ್ಕೆ ಗೋಲ್ಡ್ ಮಣಿ ಹಾಕ್ಲೇನೋ, ಬೇಡ್ವೇನೋ?" ಎಂದು ಕೇಳುತ್ತಿದ್ದಳು.

ಆ ಮಂಗಳವಾರ ಕಿಟ್ಟಿ ಬಟ್ಟಲಿನ ಹತ್ತಿರ ಬರಲಿಲ್ಲ. ಬೆಳಿಗ್ಗೆ ನೊರೆ ನೊರೆಯಾಗಿ ಒಮ್ಮೆ ಕಕ್ಕಿದ್ದ. ಮೈ ನೆಕ್ಕಿಕೊಂಡ ಕೂದಲು ಹೊಟ್ಟೆಯಲ್ಲಿ ಸೇರಿರಬೇಕು, ಹಿಂದೆಯೂ ಹೀಗಾಗಿತ್ತು ಎಂದುಕೊಂಡು ಮೈಥಿಲಿ ಒರೆಸಿ ಹಾಕಿದಳು. ಸಾರಿಗೆ ಒಗ್ಗರಣೆ ಹಾಕುವ ಹೊತ್ತಿಗೆ ಮತ್ತೆ ಕಕ್ಕಿದ ಸದ್ದು. ಹೋಗಿ ನೋಡಿದರೆ ಅವನು ಬಾಗಿಲ ಬಳಿಯ ಚಪ್ಪಲಿ ಸ್ಟ್ಯಾಂಡಿನ ಕೆಳಗೆ ಮುದುಡಿ ಕೂತಿದ್ದ. ಬಾಯಿಂದ ಜೊಲ್ಲು ಇಳಿಯುತ್ತಿತ್ತು. ಮತ್ತೆ ಮತ್ತೆ ಏನನ್ನೋ ನುಂಗುವ ಹಾಗೆ ಕತ್ತು ಮುಂದೆ ಮಾಡುತ್ತಿದ್ದ.

"ಏನಾಯ್ತೋ ಮರಿ? ಬಾ ಇಲ್ಲಿ."

ಬರಲಿಲ್ಲ. ಅವಳು ನೆಲಕ್ಕೆ ಕೆನ್ನೆ ತಾಗುವಷ್ಟು ಬಗ್ಗಿ ಅವನನ್ನು ಈಚೆ ಎಳೆದಳು. ಆಗ ಕಂಡಿತು, ತುಟಿಯ ಒಂದು ಬದಿಯಲ್ಲಿ ಹಸಿರು ದಾರದ ತುದಿ. ಅವಳು ಹಿಂದಿನ ಸಂಜೆ ಕಟ್ಟುತ್ತಿದ್ದ ಸೀರೆಯ ಹಸಿರು.

ಯೋಚನೆ ಮಾಡುವ ಮೊದಲೇ ಅವಳ ಬೆರಳು ಅದನ್ನು ಹಿಡಿದಿತ್ತು. ದಾರದ ಜೊತೆ ಬದುಕಿದ ಕೈ ಅದು, ಎಳೆ ಕಂಡರೆ ಎಳೆಯುತ್ತದೆ. ಎಳೆದಳು. ಸಡಿಲವಾಗಿ ಬರಬೇಕಿದ್ದ ದಾರ ತಟ್ಟನೆ ಬಿಗಿಯಾಯಿತು, ಒಳಗೆ ಎಲ್ಲೋ ಸಿಕ್ಕಿಹಾಕಿಕೊಂಡ ಹಾಗೆ. ಕಿಟ್ಟಿ ಕೂಗಿದ. ಅಂಥ ಕೂಗನ್ನು ಅವಳು ಅವನ ಬಾಯಲ್ಲಿ ಯಾವತ್ತೂ ಕೇಳಿರಲಿಲ್ಲ; ಹಸುಗೂಸು ಕಿರುಚಿದ ಹಾಗಿತ್ತು. ಕೈ ಬಿಟ್ಟಳು. ಬೆರಳು ಒದ್ದೆಯಾಗಿತ್ತು, ಜೊಲ್ಲಿನಲ್ಲಿ ಒಂದಿಷ್ಟು ಕೆಂಪು.

ಎದ್ದು ಮೇಜಿನ ಬಳಿ ಓಡಿದಳು. ಸೂಜಿ ಚುಚ್ಚಿಡುವ ಪುಟ್ಟ ದಿಂಬು ಅಲ್ಲೇ ಇತ್ತು. ಹಿಂದಿನ ಸಂಜೆ ಕುಕ್ಕರ್ ಕೂಗಿತೆಂದು ಎದ್ದು ಹೋಗುವಾಗ ಹಸಿರು ದಾರ ಪೋಣಿಸಿದ್ದ ಸೂಜಿಯನ್ನು ಅದಕ್ಕೇ ಚುಚ್ಚಿ ಹೋಗಿದ್ದಳು. ಈಗ ಅಲ್ಲಿ ಸೂಜಿ ಇರಲಿಲ್ಲ. ಮೇಜಿನ ಕೆಳಗೆ ನೋಡಿದಳು, ಸೀರೆ ಕೊಡವಿದಳು, ನೆಲವನ್ನು ಅಂಗೈಯಿಂದ ಸವರಿದಳು. ಎಲ್ಲೂ ಇಲ್ಲ.

ಅಚ್ಯುತನಿಗೆ ಫೋನು ಮಾಡಿದಳು. ರಿಂಗಾಗಿ ರಿಂಗಾಗಿ ನಿಂತಿತು. ಅವನು ವಿಮಾನದ ಎಂಜಿನು ರಿಪೇರಿ ಮಾಡುವ ಕಡೆ ಕೆಲಸ ಮಾಡುವವನು. ಬಿಚ್ಚಿದ ಎಂಜಿನಿನೊಳಗೆ ಒಂದು ತಿರುಪು ಬಿದ್ದರೂ ಅಪಾಯವೆಂದು, ಒಳಗೆ ಹೋಗುವ ಮುಂಚೆ ಎಲ್ಲರೂ ಜೇಬು ಬರಿದು ಮಾಡಿ ಫೋನನ್ನು ಲಾಕರಿನಲ್ಲಿಟ್ಟು ಹೋಗಬೇಕು. ಊಟಕ್ಕೆ ಈಚೆ ಬಂದರೆ ಉಂಟು. ಮಾನ್ಯಾಳ ಫೋನು ಶಾಲೆಯಲ್ಲಿ ಆಫ್. ಇನ್ನಾರಿಗೆಂದು ಮೈಸೂರಿನಲ್ಲಿದ್ದ ಅತ್ತೆ ಪದ್ಮಜಮ್ಮನವರಿಗೆ ಮಾಡಿದಳು.

"ಬಾಳೆಹಣ್ಣು ತಿನ್ಸಮ್ಮ," ಎಂದರು ಅತ್ತೆ. "ನಮ್ಮ ಅಚ್ಯುತ ಚಿಕ್ಕವನಿದ್ದಾಗ ಎಂಟಾಣೆ ನುಂಗಿರ್ಲಿಲ್ವೇ? ಬಾಳೆಹಣ್ಣು ತಿನ್ಸಿದ್ವು, ಬೆಳಿಗ್ಗೆ ಹೊರಗೆ ಬಂತು."

"ಇದು ಸೂಜಿ ಅತ್ತೆ. ದಾರ ಬೇರೆ ಇದೆ."

"ಸೂಜಿಯೇ? ಅಯ್ಯೋ ರಾಮ," ಎಂದರು ಅತ್ತೆ. "ಹಾಗಾದ್ರೆ ಮನೇಲಿ ಏನೂ ಮಾಡಕ್ಕೆ ಹೋಗ್ಬೇಡ. ಡಾಕ್ಟ್ರನ್ನ ಕೇಳು."

ಕಿಟ್ಟಿಗೆ ಚುಚ್ಚುಮದ್ದು ಹಾಕಿಸಿದ ಯಿಶುನಿನ ಕ್ಲಿನಿಕ್ಕಿನ ನಂಬರು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿತ್ತು. ಅದನ್ನು ನೋಡುತ್ತ ಅವಳು ಸುಮ್ಮನೆ ನಿಂತುಬಿಟ್ಟಳು. ಏನೆಂದು ಹೇಳುವುದು? ಎಲ್ಲಿಂದ ಶುರು ಮಾಡುವುದು? ಆ ಕಡೆಯವರು ಬೇಗ ಬೇಗ ಏನಾದರೂ ಕೇಳಿ, ತನಗೆ ತಿಳಿಯದೆ, ಅವರು ಫೋನಿಟ್ಟುಬಿಟ್ಟರೆ? ಬೆನ್ನ ಹಿಂದೆ ಕಿಟ್ಟಿ ಮತ್ತೆ ಓಕರಿಸಿದ. ಏನೂ ಬರಲಿಲ್ಲ. ಅವಳು ನಂಬರು ಒತ್ತಿದಳು.

"ಮೈ ಕ್ಯಾಟ್," ಎಂದಳು. "ಮೈ ಕ್ಯಾಟ್ ಈಟಿಂಗ್ ನೀಡಲ್. ಥ್ರೆಡ್ ಔಟ್‌ಸೈಡ್, ಮೌತ್."

"ಥ್ರೆಡ್ ಕಮಿಂಗ್ ಔಟ್ ಫ್ರಮ್ ದಿ ಮೌತ್?" ಆ ಕಡೆಯ ಹುಡುಗಿಯ ದನಿ ತಕ್ಷಣ ಬದಲಾಯಿತು. "ಮ್ಯಾಮ್, ಡೋಂಟ್ ಪುಲ್ ಆಹ್. ಡೋಂಟ್ ಕಟ್ ಆಲ್ಸೋ. ಯು ಡಿಡ್ ನಾಟ್ ಪುಲ್, ರೈಟ್?"

ಪ್ರತಿಯೊಂದು ಮಾತೂ ಮೈಥಿಲಿಗೆ ಅರ್ಥವಾಯಿತು. ಉತ್ತರ ಮಾತ್ರ ಹೊರಡಲಿಲ್ಲ. ಹುಡುಗಿ ನಿಧಾನವಾಗಿ, ಬಿಡಿಸಿ ಬಿಡಿಸಿ ಹೇಳಿದಳು: ಊಟ ಬೇಡ, ನೀರೂ ಬೇಡ. ಎಣ್ಣೆ ಕುಡಿಸಬೇಡಿ, ವಾಂತಿ ಮಾಡಿಸಲು ನೋಡಬೇಡಿ, ಸೂಜಿ ಗಂಟಲಿಗೆ ಚುಚ್ಚಿಕೊಳ್ಳುತ್ತದೆ. ಪಂಜದಿಂದ ದಾರ ಕೆದಕದ ಹಾಗೆ ಟವೆಲಿನಲ್ಲಿ ಸುತ್ತಿ, ಈಗಲೇ ಹೊರಟು ಬನ್ನಿ.

ಒಲೆ ಆರಿಸಿ, ಕಿಟ್ಟಿಯನ್ನು ಟವೆಲಿನಲ್ಲಿ ಸುತ್ತಿ, ಒಗೆಯುವ ಬಟ್ಟೆಯ ಬುಟ್ಟಿಯಲ್ಲಿಟ್ಟು, ಕಾರು ಬುಕ್ ಮಾಡಿ ಕೆಳಗಿಳಿದಳು. ಲಿಫ್ಟಿನಲ್ಲಿ ಅವಳೊಬ್ಬಳೇ ಇದ್ದಳು. ಅದು ಆಮೇಲೆ ಎಷ್ಟೋ ಹೊತ್ತಿನ ಮೇಲೆ ನೆನಪಾಯಿತಂತೆ. ಕಾರು ಬಂತು. ಡ್ರೈವರು ಬುಟ್ಟಿಯೊಳಗಿನ ಮುಖ ನೋಡಿ, ಪ್ರಾಣಿ ಒಯ್ಯುವ ಡಬ್ಬವಿಲ್ಲದೆ ಬೆಕ್ಕನ್ನು ಹತ್ತಿಸಲಾರೆ ಎಂದು ಕೈಯಾಡಿಸಿ ಹೊರಟುಹೋದ. ರೈಲಿನಲ್ಲಿ ಬೆಕ್ಕು ಒಯ್ಯುವ ಹಾಗಿಲ್ಲ. ಬಿಸಿಲಿನಲ್ಲಿ ಬುಟ್ಟಿ ಅಪ್ಪಿಕೊಂಡು ನಿಂತವಳಿಗೆ ಅಳು ಬಂತು. ಕಿಟ್ಟಿ ಸದ್ದು ಮಾಡುತ್ತಿರಲಿಲ್ಲ. ಅದು ಇನ್ನೂ ಹೆದರಿಕೆ ಹುಟ್ಟಿಸಿತು.

ಎದುರು ಮನೆಯ ರೋಹಾನಿಯ ನೆನಪಾದದ್ದು ಆಗ. ರೋಹಾನಿ ಮಲಯ್ ಹೆಂಗಸು, ಯಿಶುನಿನ ಆಸ್ಪತ್ರೆಯಲ್ಲಿ ನರ್ಸು, ಮನೆಯಲ್ಲಿ ಎರಡು ಬೆಕ್ಕು. ಇಷ್ಟು ವರ್ಷ ಕಾರಿಡಾರಿನಲ್ಲಿ ಎದುರಾದಾಗ ನಕ್ಕದ್ದು ಬಿಟ್ಟರೆ ಮೈಥಿಲಿ ಅವಳ ಜೊತೆ ಮಾತಾಡಿರಲಿಲ್ಲ. ರಾತ್ರಿ ಪಾಳಿ ಮುಗಿಸಿ ಬಂದು ಹಗಲು ಮಲಗುವವಳು. ಮೇಲೆ ಹೋಗಿ ಬೆಲ್ಲು ಒತ್ತಿದಳು. ತೆಗೆಯಲಿಲ್ಲ. ಮತ್ತೆ ಒತ್ತಿದಳು, ಕೈಯಿಂದ ಬಾಗಿಲು ಬಡಿದಳು. ರೋಹಾನಿ ಕಣ್ಣುಜ್ಜಿಕೊಳ್ಳುತ್ತ ಬಂದು, ಬುಟ್ಟಿ ನೋಡಿ, ಮೈಥಿಲಿಯ ಮುಖ ನೋಡಿ, ಏನೂ ಕೇಳದೆ ಒಳಗೆ ಹೋದಳು. ಬರುವಾಗ ತನ್ನ ಬೆಕ್ಕಿನ ಡಬ್ಬ ತಂದು ಕಿಟ್ಟಿಯನ್ನು ಅದರೊಳಗೆ ಇಳಿಸಿದಳು. ತಲೆಗೆ ತುಡುಂಗ್ ವಸ್ತ್ರ ಸುತ್ತಿಕೊಂಡು ಚಪ್ಪಲಿ ಮೆಟ್ಟಿದಳು.

"ಯು ಪುಲ್ ಆಲ್ರೆಡಿ?" ಎಂದಳು ಲಿಫ್ಟಿನಲ್ಲಿ, ದಾರ ನೋಡಿ.

ಮೈಥಿಲಿ ಹೌದೆಂದು ತಲೆಯಾಡಿಸಿದಳು. "ಲಿಟಲ್," ಎಂದಳು. ಕಣ್ಣು ತುಂಬಿತು.

"ಓಕೆ. ವಿ ಟೆಲ್ ದಿ ವೆಟ್. ಮಸ್ಟ್ ಟೆಲ್ ಆಹ್."

ಸಾಕುಪ್ರಾಣಿ ಹತ್ತಿಸಿಕೊಳ್ಳುವ ಕಾರನ್ನು ರೋಹಾನಿಯೇ ಬುಕ್ ಮಾಡಿದಳು. ದಾರಿ ಸೆಲೆಟಾರಿನ ವಿಮಾನ ನಿಲ್ದಾಣದ ಪಕ್ಕದಲ್ಲೇ ಹಾದುಹೋಗುತ್ತದೆ. ಮರಗಳ ಮೇಲೆ ಒಂದು ಸಣ್ಣ ವಿಮಾನ ಇಳಿಯುವುದನ್ನು ಮೈಥಿಲಿ ಗಾಜಿನಿಂದ ಕಂಡಳು. ಅಲ್ಲೇ ಎಲ್ಲೋ, ಕೂಗಿದರೆ ಕೇಳುವಷ್ಟು ಹತ್ತಿರ ಅಚ್ಯುತ ಇದ್ದಾನೆ, ಅವನಿಗೆ ಏನೂ ಗೊತ್ತಿಲ್ಲ ಎನ್ನಿಸಿತು. ಡಬ್ಬದ ಜಾಲರಿಯಲ್ಲಿ ಬೆರಳು ತೂರಿಸಿದಳು. ಪ್ರತಿ ಸಲ ಬೆರಳು ಕಂಡರೆ ಮೂಗು ಒತ್ತುತ್ತಿದ್ದ ಕಿಟ್ಟಿ ಅಲುಗಲಿಲ್ಲ. ಹೊಟ್ಟೆ ಮೇಲೆ ಕೆಳಗೆ ಆಗುತ್ತಿದೆಯೇ ಎಂದು ನೋಡುತ್ತ ಕೂತಳು.

ಕ್ಲಿನಿಕ್ಕಿನಲ್ಲಿ ಅವನನ್ನು ತಕ್ಷಣ ಒಳಗೆ ಒಯ್ದರು. ಸ್ವಲ್ಪ ಹೊತ್ತಿಗೆ ವೈದ್ಯೆ ಇವರಿಬ್ಬರನ್ನೂ ಕರೆದಳು. ಚಿಕ್ಕ ವಯಸ್ಸಿನ ಚೀನೀ ಹೆಣ್ಣುಮಗಳು. ಪರದೆಯ ಮೇಲೆ ಎಕ್ಸ್‌ರೇ ಇತ್ತು. ಬೂದು ಬಣ್ಣದ ಹೊಟ್ಟೆಯ ನಡುವೆ ಬೆಳ್ಳಗೆ, ನೆಟ್ಟಗೆ, ತಾನು ದಿನಾ ಹಿಡಿಯುವ ಸೂಜಿ. ಅದರ ಕಣ್ಣು ಕೂಡ ಕಾಣುತ್ತಿತ್ತು. ಮೈಥಿಲಿ ಮೇಜಿನ ಅಂಚು ಹಿಡಿದುಕೊಂಡಳು.

ವೈದ್ಯೆ ಇಂಗ್ಲಿಷಿನಲ್ಲಿ ನಿಧಾನವಾಗಿ ವಿವರಿಸಿದಳು. ತಿಳಿಯದ ಕಡೆ ರೋಹಾನಿ ಕೈಸನ್ನೆಯಲ್ಲಿ ತೋರಿಸಿದಳು. ದಾರ ನಾಲಿಗೆಯ ಬುಡಕ್ಕೆ ಒಂದು ಸುತ್ತು ಸುತ್ತಿಕೊಂಡಿದೆ. ಸೂಜಿ ಜಠರದಲ್ಲಿದೆ. ದಾರದ ಉಳಿದ ಭಾಗ ಕರುಳಿಗೆ ಇಳಿದಿರುವಂತೆ ಕಾಣುತ್ತದೆ. ಒಂದು ತುದಿ ಮೇಲೆ ಬಿಗಿದಿರುವಾಗ ಕರುಳು ತನ್ನ ಪಾಡಿಗೆ ಅದನ್ನು ಕೆಳಗೆ ಜಗ್ಗುತ್ತಲೇ ಇರುತ್ತದೆ. ಆಗ ಕರುಳೇ ದಾರದ ಮೇಲೆ ಮುದುಡಿ ಮುದುಡಿ ಸೇರುತ್ತದೆ, ಕೊನೆಗೆ ದಾರ ಗರಗಸದ ಹಾಗೆ ಅದನ್ನು ಕೊಯ್ಯುತ್ತದೆ.

ಕೈಸನ್ನೆ ಬೇಕಾಗಲಿಲ್ಲ. ಬಟ್ಟೆಗೆ ಓಡುಹೊಲಿಗೆ ಹಾಕಿ ದಾರದ ಒಂದು ತುದಿ ಹಿಡಿದು ಎಳೆದರೆ ಬಟ್ಟೆ ಹೇಗೆ ನೆರಿಗೆ ನೆರಿಗೆಯಾಗಿ ಕೂಡಿಕೊಳ್ಳುತ್ತದೆಂದು ಮೈಥಿಲಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಮಾನ್ಯಾ ಮಗುವಾಗಿದ್ದಾಗ ಎಷ್ಟು ಫ್ರಾಕುಗಳಿಗೆ ಹಾಗೆ ನೆರಿಗೆ ಹಿಡಿದಿದ್ದಾಳೆ! ಹೆಚ್ಚು ಬಲವಾಗಿ ಎಳೆದರೆ ತೆಳು ಬಟ್ಟೆ ಹರಿಯುತ್ತದೆ, ಅದೂ ಗೊತ್ತು.

"ಐ ಪುಲ್ಡ್," ಎಂದಳು ಮೈಥಿಲಿ. "ಒನ್ ಟೈಮ್. ಹೀ ಕ್ರೈಡ್."

ವೈದ್ಯೆ ಬೈಯಲಿಲ್ಲ. ಸಮಾಧಾನವನ್ನೂ ಹೇಳಲಿಲ್ಲ. ತೆರೆದು ನೋಡಿದ ಮೇಲೇ ಗೊತ್ತಾಗುವುದು, ಕರುಳು ಎಲ್ಲಾದರೂ ಹರಿದಿದ್ದರೆ ಕಷ್ಟ, ಅರಿವಳಿಕೆಯಲ್ಲೇ ಹೋಗಿಬಿಡುವ ಸಾಧ್ಯತೆಯೂ ಇದೆ, ತಡ ಮಾಡಿದಷ್ಟೂ ಅಪಾಯ ಎಂದಳು. ಒಪ್ಪಿಗೆಯ ಕಾಗದ ಮುಂದಿಟ್ಟಳು.

ಅಚ್ಯುತ ಇನ್ನೂ ಫೋನು ಎತ್ತುತ್ತಿರಲಿಲ್ಲ. ಮನೆಯ ಯಾವ ಕಾಗದಕ್ಕೂ ಅವನಿಗಿಂತ ಮೊದಲು ಅವಳು ಸಹಿ ಹಾಕಿದವಳಲ್ಲ. ಪೆನ್ನು ತೆಗೆದುಕೊಂಡಳು. ಎಡಗೈಯಿಂದ ಬಲಗೈಯ ಮಣಿಕಟ್ಟು ಹಿಡಿದುಕೊಂಡು, ಕನ್ನಡದಲ್ಲಿ, 'ಮೈಥಿಲಿ ಅಚ್ಯುತ' ಎಂದು ಬರೆದಳು.

ಆಮೇಲೆ ಕಾಯುವುದು. ರೋಹಾನಿ ಕಾಫಿ ತಂದುಕೊಟ್ಟಳು, ಅದು ಕೈಯಲ್ಲೇ ಆರಿತು. ಮೈಥಿಲಿಯ ಅಜ್ಜಿ ಒಂದು ಮಾತು ಹೇಳುತ್ತಿದ್ದರು: ಬೆಕ್ಕು ನಮ್ಮ ಕೈಯಿಂದ ಸತ್ತರೆ ಆ ಪಾಪ ಬಿಡುವುದಿಲ್ಲ, ಚಿನ್ನದ ಬೆಕ್ಕು ಮಾಡಿಸಿ ಕಾಶಿಯಲ್ಲಿ ದಾನ ಕೊಡಬೇಕು. ಚಿಕ್ಕವಳಿದ್ದಾಗ ಈ ಮಾತಿಗೆ ಹೆದರಿ ಅವಳು ಬೆಕ್ಕು ಕಂಡರೆ ಓಡುತ್ತಿದ್ದಳು. ಈಗ ಕೂತಲ್ಲೇ ಆ ಮಾತು ಕಿವಿಯಲ್ಲಿ ತಿರುಗತೊಡಗಿತು. ಪಾಪ ಬರಲಿ, ಹೋಗಲಿ, ನಾಳೆ ಮೇಜಿನ ಕೆಳಗೆ ಕಾಲು ಚಾಚಿದರೆ ಅಲ್ಲಿ ಏನೂ ಇರುವುದಿಲ್ಲವಲ್ಲ ಎಂದು ನೆನೆದಳು. ಒಳಬಾಗಿಲು ತೆರೆದಾಗಲೆಲ್ಲ ಎದ್ದು ನಿಲ್ಲುತ್ತಿದ್ದಳು. ಒಮ್ಮೆ ನಾಯಿಮರಿಯೊಂದನ್ನು ತಂದರು, ಒಮ್ಮೆ ಕಸದ ಚೀಲ ಒಯ್ದರು. ಆ ಚೀಲವನ್ನು ಅವಳು ಬಾಗಿಲು ದಾಟುವವರೆಗೂ ನೋಡಿದಳು.

ಅಚ್ಯುತನ ಫೋನು ಬಂತು. "ಏನ್ ಮೈಥಿಲಿ, ಇಷ್ಟೊಂದು ಮಿಸ್ಡ್ ಕಾಲು? ಮಾನ್ಯಾಗೇನಾಯ್ತು?"

"ಕಿಟ್ಟಿ... ಸೂಜಿ ನುಂಗ್ಬಿಟ್ಟಿದಾನೆ ರೀ. ಆಪರೇಷನ್ ಮಾಡ್ತಿದಾರೆ. ನಾನೇ ಸೈನ್ ಮಾಡ್ಬಿಟ್ಟೆ."

"ಸೂಜಿನ ಹಾಗೇ ಬಿಟ್ಟು ಹೋಗ್ತಾರೇನೇ? ನಮ್ಮಲ್ಲಿ ಒಂದು ಸ್ಪ್ಯಾನರ್ ಸಿಗ್ಲಿಲ್ಲ ಅಂದ್ರೆ ಪ್ಲೇನೇ ಬಿಡಲ್ಲ, ಅದು ಸಿಗೋವರ್ಗೂ..."

ಅವಳ ಅಳು ಅವನಿಗೆ ಕೇಳಿಸಿರಬೇಕು.

"ಇರು, ಇರು. ಅಳ್ಬೇಡ. ಲೀವ್ ಹಾಕಿ ಬರ್ತೀನಿ. ಯಾರಿದಾರೆ ಜೊತೇಲಿ?"

"ಎದುರು ಮನೆಯವ್ರು."

ಅವನು ಶಾಲೆಯಿಂದ ಮಾನ್ಯಾಳನ್ನೂ ಕರೆದುಕೊಂಡು ಬಂದ. ಯೂನಿಫಾರ್ಮಿನಲ್ಲೇ ಓಡಿಬಂದ ಹುಡುಗಿಯ ಮುಖ ಬಿಳಿಚಿಕೊಂಡಿತ್ತು. "ಅಮ್ಮಾ, ಹೀ ಈಸ್ ಅಲೈವ್ ಆರ್ ನಾಟ್? ಜಸ್ಟ್ ಹೇಳು ಲಾಹ್!"

"ಗೊತ್ತಿಲ್ಲ ಕಣೇ," ಎಂದಳು ಮೈಥಿಲಿ.

ರೋಹಾನಿಗೆ ಮತ್ತೆ ಪಾಳಿಗೆ ಹೋಗುವುದಿತ್ತು. ಹೊರಡುವಾಗ ಅವಳು ಮೈಥಿಲಿಯ ಭುಜ ಒತ್ತಿ ಹೋದಳು. ಅವಳು ಹೋದ ಸ್ವಲ್ಪ ಹೊತ್ತಿಗೆ ವೈದ್ಯೆ ಆಪರೇಷನ್ನಿನ ಹಸಿರು ಬಟ್ಟೆಯಲ್ಲೇ ಈಚೆ ಬಂದಳು. ಸೂಜಿ ಸಿಕ್ಕಿದೆ. ದಾರವನ್ನು ನಾಲಿಗೆಯ ಬಳಿ ಕತ್ತರಿಸಿ, ಜಠರದಲ್ಲೊಂದು, ಕರುಳಿನಲ್ಲೊಂದು ಸೀಳು ಹಾಕಿ ಪೂರ್ತಿ ತೆಗೆದಿದ್ದಾರೆ. ಕರುಳು ಎಲ್ಲೂ ಹರಿದಿಲ್ಲ. ಒಂದು ಕಡೆ ಮಾತ್ರ ಕರುಳು ಕೆಂಪಾಗಿ ಜಜ್ಜಿದ ಹಾಗಾಗಿದೆ. ಅವನು ಉಸಿರಾಡುತ್ತಿದ್ದಾನೆ.

ಮೂವರೂ ಉಸಿರು ಬಿಟ್ಟರು. ವೈದ್ಯೆ ಕೈ ಎತ್ತಿದಳು. ಇನ್ನು ಕೆಲವು ದಿನ ಕರುಳಿನ ಹೊಲಿಗೆ ಬಿಟ್ಟುಕೊಳ್ಳುವ ಭಯವಿದೆ, ಹಾಗಾದರೆ ವಿಷ ಹೊಟ್ಟೆಯೆಲ್ಲ ಹರಡುತ್ತದೆ. ಅಲ್ಲಿಯವರೆಗೆ ಅವನು ಇಲ್ಲೇ ಇರಬೇಕು.

ಹೀಗೆ ಭಯ ಮುಗಿಯಲಿಲ್ಲ, ಉದ್ದವಾಯಿತು ಅಷ್ಟೆ. ಮೈಥಿಲಿ ದಿನಾ ಒಬ್ಬಳೇ ಯಿಶುನಿಗೆ ಹೋಗಿ ಪಂಜರದ ಮುಂದೆ ಕೂತು ಬರುತ್ತಿದ್ದಳು. ಹೊಟ್ಟೆ ಬೋಳಿಸಿಕೊಂಡು, ಹೊಲಿಗೆ ನೆಕ್ಕದ ಹಾಗೆ ಕತ್ತಿಗೆ ಪ್ಲಾಸ್ಟಿಕ್ ಆಲಿಕೆ ಹಾಕಿಸಿಕೊಂಡು, ಕಿಟ್ಟಿ ಗೋಡೆಯ ಕಡೆ ಮುಖ ಮಾಡಿ ಮಲಗಿರುತ್ತಿದ್ದ. ಅವಳು ಕರೆದರೆ ಕಿವಿ ಸಹ ತಿರುಗಿಸುತ್ತಿರಲಿಲ್ಲ. ಕ್ಲಿನಿಕ್ಕಿನವರು ಕೊಟ್ಟ ಮೆತ್ತಗಿನ ಊಟವನ್ನು ಮುಟ್ಟಲಿಲ್ಲ. ತನ್ನ ಮೇಲೆ ಸಿಟ್ಟೋ, ನೋವೋ ಅವಳಿಗೆ ತಿಳಿಯಲಿಲ್ಲ. ಒಂದು ಸಂಜೆ ಜ್ವರ ಏರಿದೆ, ಬೆಳಿಗ್ಗೆ ನೋಡಿ ಮತ್ತೆ ತೆರೆಯಬೇಕೋ ಏನೋ ಹೇಳುತ್ತೇವೆ ಎಂದರು. ಬಸ್ಸಿನಲ್ಲಿ ಬರುವಾಗ ಅವಳು ಇಳಿಯುವ ಸ್ಟಾಪು ದಾಟಿ ಎಲ್ಲೋ ಹೋಗಿ ಇಳಿದಳು.

ಮಾರನೆಯ ಬೆಳಿಗ್ಗೆ ಹಾಲು ಕಾಯಿಸುತ್ತಿದ್ದಾಗ ಫೋನು ಬಡಿಯಿತು. ಕ್ಲಿನಿಕ್ಕಿನ ನಂಬರು. ಮೈಥಿಲಿಗೆ ಅದನ್ನು ಮುಟ್ಟಲಾಗಲಿಲ್ಲ. "ನೀನೇ ತಗೋ, ನೀನೇ ತಗೋ," ಎಂದು ಮಾನ್ಯಾಳನ್ನು ಕೂಗಿ, ಒಲೆಯ ಕಡೆ ತಿರುಗಿ, ಕಣ್ಣು ಮುಚ್ಚಿ ನಿಂತಳು.

"ಯೆಸ್... ಯೆಸ್... ರಿಯಲಿ ಆಹ್?" ಮಾನ್ಯಾ ಫೋನು ಕಿವಿಯಿಂದ ತೆಗೆಯದೆಯೇ ಕಿರುಚಿದಳು. "ಅಮ್ಮಾ! ಜ್ವರ ಇಳ್ದಿದ್ಯಂತೆ! ಬಟ್ಟಲು ಪೂರ್ತಿ ನೆಕ್ಕಿದಾನಂತೆ, ಇನ್ನೂ ಬೇಕು ಅಂತ ಗಲಾಟೆ ಮಾಡ್ತಿದಾನಂತೆ!"

ಹಾಲು ಉಕ್ಕಿ ಒಲೆಯ ಮೇಲೆಲ್ಲ ಹರಿಯಿತು. ಮೈಥಿಲಿ ಅಡುಗೆಮನೆಯ ನೆಲದ ಮೇಲೆ ಕೂತು ಬಾಯಿಗೆ ಸೆರಗು ಒತ್ತಿಕೊಂಡು ಅತ್ತಳು. ಅಚ್ಯುತ ಬಂದು ಮೊದಲು ಒಲೆ ಆರಿಸಿದ, ಆಮೇಲೆ ಅವಳ ಪಕ್ಕ ಕೂತ.

ಇದನ್ನೆಲ್ಲ ಅವಳು ನನಗೆ ಹೇಳಿದ್ದು ಹಸಿರು ಕುಚ್ಚಿನ ಸೀರೆ ತರಲು ನಾನು ಹೋದಾಗ. ಅವತ್ತು ಅಷ್ಟು ಧೈರ್ಯ ಹೇಗೆ ಬಂತೆಂದು ಕೇಳಿದೆ. "ಧೈರ್ಯ ಎಲ್ಲಿ ಬಂತು? ಹೆದರ್ಕೊಂಡೇ ಮಾಡಿದ್ದು ಎಲ್ಲಾನೂ," ಎಂದಳು. ಈಗ ಕುಚ್ಚು ಕಟ್ಟುವುದು ಕೋಣೆಯೊಳಗೆ, ಚಿಲಕ ಹಾಕಿಕೊಂಡು. ನಾವು ಮಾತಾಡುತ್ತಿದ್ದಾಗ ಕಿಟ್ಟಿ ಹೊರಗಿನಿಂದ ಬಾಗಿಲು ಪರಚಿ ಪರಚಿ ಕೂಗುತ್ತಿದ್ದ. ಅವಳು ದಾರದ ತುಂಡುಗಳನ್ನೆಲ್ಲ ಬಳಿದು ಡಬ್ಬಿಗೆ ಹಾಕಿ ಮುಚ್ಚಿದಳು, ಸೂಜಿಯನ್ನು ಕಬ್ಬಿಣದ ಪೆಟ್ಟಿಗೆಯಲ್ಲಿಟ್ಟು ಬೀರುವಿನೊಳಗೆ ಸೇರಿಸಿದಳು, ಹಾಸಿಗೆಯ ಮೇಲೆ ಅಂಗೈ ಸವರಿ ನೋಡಿದಳು, ನನ್ನ ಸೀರೆಯ ಸೆರಗನ್ನೂ ಒಮ್ಮೆ ಕೊಡವಿ ನೋಡಿದಳು. ಆಮೇಲೆ ಹೋಗಿ ಚಿಲಕ ತೆಗೆದಳು.